ಪೊಟ್ಟಣದ ಹಿಂಬದಿಯ ಬರಹ



ಕಳೆದ ವಾರ ನಮ್ಮ ಆರೋಗ್ಯ ಕೇಂದ್ರಕ್ಕೆ ತಾಯಿಯೊಬ್ಬರು ಎರಡು ವರ್ಷದ ಮಗುವನ್ನು ಕರೆತಂದಿದ್ದರು. ಮಗುವಿನ ತೂಕ ಏರಿರಲಿಲ್ಲ. ಅದರ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. “ಹಾಲಿನ ಚಿತ್ರವಿದೆಯಲ್ಲ ಡಾಕ್ಟ್ರೇ, ಶಕ್ತಿ ಬರಲೆಂದು ಕೊಡುತ್ತೇನೆ” ಎಂದರು. ಆ ತಾಯಿಯನ್ನು ನಾನು ದೂಷಿಸಲಾರೆ. ಚಿತ್ರವಿರುವುದು ಮುಂಭಾಗದಲ್ಲಿ, ವಿಷಯವಿರುವುದು ಹಿಂಭಾಗದಲ್ಲಿ, ಅದೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ದೇಶದ ಆಹಾರ ಚೀಟಿಯ ನಿಯಮ ಕೇಳುವುದು ಇಂಗ್ಲಿಷ್ ಅಥವಾ ಹಿಂದಿಯನ್ನು.

ಆದರೂ ಕೈಚೆಲ್ಲಬೇಕಾಗಿಲ್ಲ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ ಬರುತ್ತದೆ. ಆ ಪೊಟ್ಟಣದಲ್ಲಿ ಮೊದಲು ಮೈದಾ, ಅನಂತರ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಹಾಲಿನ ಪುಡಿ ಬಹಳ ಕೆಳಗಿತ್ತು.

ಅಂಕಿಗಳ ಕೋಷ್ಟಕದಲ್ಲಿರುವುದು ಸಾಮಾನ್ಯವಾಗಿ 100 ಗ್ರಾಂ ತಿನಿಸಿನ ಲೆಕ್ಕ, ಇಡೀ ಪೊಟ್ಟಣದ್ದಲ್ಲ. ಸಕ್ಕರೆಯ ಎದುರು 25 ಎಂದಿದ್ದರೆ ನಾಲ್ಕರಲ್ಲೊಂದು ಪಾಲು ಸಕ್ಕರೆಯೇ. 50 ಗ್ರಾಂ ತಿಂದ ಮಗುವಿಗೆ ಸುಮಾರು ಮೂರು ಚಹಾ ಚಮಚದಷ್ಟು ಸಕ್ಕರೆ ಸೇರಿತು. ಮತ್ತೆ ಊಟ ಸೇರುವುದೆಲ್ಲಿ? ಖಾರದ ತಿನಿಸುಗಳಲ್ಲಿ ಸೋಡಿಯಂ ನೋಡಿರಿ. ಅದರ ಎರಡೂವರೆ ಪಟ್ಟು ಉಪ್ಪು. ದೊಡ್ಡವರಿಗೂ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು.

ನಿಮ್ಮ ಮನೆಯ ರಾಗಿಗೆ ಯಾರೂ ಚೀಟಿ ಅಂಟಿಸಿಲ್ಲ. ಅಂಟಿಸಿದ್ದರೆ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವೆಂದು ಬರೆಯಬೇಕಾಗುತ್ತಿತ್ತು. ಆ ಮಗುವಿಗೆ ರಾಗಿ ಸರಿ, ಬೇಳೆ ಕಲಸಿದ ಮೆತ್ತನೆಯ ಅನ್ನ, ಮೊಟ್ಟೆ ಕೊಡುವಂತೆ ತಿಳಿಸಿದ್ದೇನೆ. ಬರುವ ತಿಂಗಳು ಮತ್ತೆ ತೂಕ ನೋಡಬೇಕು. ಆಗ ತಂದೆಯೂ ಬರಲಿ ಎಂದಿದ್ದೇನೆ. ಸಂತೆಯಿಂದ ಪೊಟ್ಟಣ ತರುವವರು ಅವರೇ.