ಕಾಲೇಜಿನಲ್ಲಿ ತಾರತಮ್ಯ: ದೂರು ಯಾರಿಗೆ, ಹೇಗೆ?

(ಬೆಳಗಾವಿಯ ಶಹಾಪುರದಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮದ್ರಸಾದ ಶಿಕ್ಷಣ ಮುಗಿಸಿ ನಾನು ಬಿ.ಎ.ಗೆ ಸೇರಿದ ವರ್ಷ ಅಧ್ಯಾಪಕರೊಬ್ಬರು ಹಾಜರಿ ಕೂಗುವಾಗ ನನ್ನ ಹೆಸರಿನ ಬದಲು ‘ಮೌಲ್ವಿ’ ಎನ್ನುತ್ತಿದ್ದರು. ತರಗತಿ ನಗುತ್ತಿತ್ತು. ನಾನೂ ನಗುತ್ತಿದ್ದೆ. ಮನೆಯಲ್ಲಿ ಹೇಳಿದಾಗ ‘ಸಬ್ರ್ ಮಾಡು ಮಗಾ’ ಎಂಬ ಉತ್ತರ ಬಂತು. ಅನ್ಯಾಯದೆದುರು ಬಾಯಿ ಮುಚ್ಚಿಕೊಳ್ಳುವುದಕ್ಕೆ ಸಬ್ರ್ ಎಂಬ ಹೆಸರಿಟ್ಟು ನಾವು ಆ ಶ್ರೇಷ್ಠ ಪದವನ್ನೇ ಸಣ್ಣದು ಮಾಡಿದ್ದೇವೆ.

ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವೈದ್ಯಕೀಯ ಓದುತ್ತಿದ್ದ ಡಾ. ಪಾಯಲ್ ತಡವಿ 2019ರ ಮೇ 22ರಂದು ಪ್ರಾಣ ಕಳೆದುಕೊಂಡರು. ಅವರು ತಡವಿ ಭಿಲ್ ಎಂಬ ಮುಸ್ಲಿಮ್ ಬುಡಕಟ್ಟಿನವರು. ಕಿರುಕುಳದ ಬಗ್ಗೆ ಮೊದಲೇ ತಿಳಿಸಿದ್ದರೂ ಯಾರೂ ಕಿವಿಗೊಡಲಿಲ್ಲವೆಂಬುದು ಕುಟುಂಬದ ಆರೋಪ. ಅದೇ ವರ್ಷ ಅವರ ತಾಯಿ ಆಬಿದಾ ತಡವಿಯವರು, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಮಡಿದ ರೋಹಿತ್ ವೇಮುಲರ ತಾಯಿ ರಾಧಿಕಾರೊಂದಿಗೆ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದರು. ಕಾಲೇಜುಗಳಲ್ಲಿ ತಾರತಮ್ಯ ತಡೆಯುವ ಯುಜಿಸಿ ನಿಯಮ 2012ರಿಂದಲೇ ಇದೆ, ಅದನ್ನು ಜಾರಿಗೊಳಿಸಿ ಎಂಬುದೇ ಅವರ ಬೇಡಿಕೆ. 2026ರ ಜನವರಿ 13ರಂದು ಯುಜಿಸಿ ಹೊಸ ನಿಯಮ ಹೊರಡಿಸಿತು. ಅದೇ ತಿಂಗಳ 29ರಂದು ನ್ಯಾಯಾಲಯ ಅದಕ್ಕೆ ತಡೆ ನೀಡಿ, ಹಳೆಯದೇ ಮುಂದುವರಿಯಲಿ ಎಂದಿತು.

ಆ ಹಳೆಯ ನಿಯಮವನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? ಅದರ ಪ್ರಕಾರ ಕಾಲೇಜಿನಲ್ಲಿ ತಾರತಮ್ಯ ವಿರೋಧಿ ಅಧಿಕಾರಿಯೊಬ್ಬರು ಇರಬೇಕು, 60 ದಿನಗಳೊಳಗೆ ದೂರು ಇತ್ಯರ್ಥವಾಗಬೇಕು. ಜಾತಿ, ಧರ್ಮ ಮಾತ್ರವಲ್ಲ, ಭಾಷೆಯೂ ಅದರಲ್ಲಿದೆ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಗಲ್ಲಿಯಲ್ಲಿ ಕೇಳಿಸುವ ಈ ಊರಿನಲ್ಲಿ, ಉರ್ದು ಮಾಧ್ಯಮದಿಂದ ಬಂದ ಮಗುವಿನ ಉಚ್ಚಾರಣೆಯನ್ನು ಅಣಕಿಸುವವರಿಗೆ ಇದು ತಿಳಿದಿರಲಿ.

2023ರ ಕುಂದುಕೊರತೆ ನಿಯಮ ಇನ್ನೂ ಸರಳ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ತಾರತಮ್ಯದ ದೂರು ಅದರ ವ್ಯಾಪ್ತಿಯಲ್ಲಿದೆ. ಕಾಲೇಜಿನ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು. ತೃಪ್ತಿಯಾಗದಿದ್ದರೆ ಮತ್ತೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಆದರೆ ಇವೆಲ್ಲ ಪದವಿ ಕಾಲೇಜಿಗೆ. ಪಿಯು ಕಾಲೇಜುಗಳು ಯುಜಿಸಿಯ ಕೆಳಗೆ ಬರುವುದಿಲ್ಲ. ಅಲ್ಲಿ ಪ್ರಾಂಶುಪಾಲರು, ಅನಂತರ ಇಲಾಖೆಯ ಜಿಲ್ಲಾ ಉಪನಿರ್ದೇಶಕರು. ಉಡುಪಿಯ ಹಿಜಾಬ್ ವಿವಾದ ಪಿಯು ಕಾಲೇಜಿನ ಬಾಗಿಲಲ್ಲೇ ಹುಟ್ಟಿತು. ಕೊಠಡಿಯೊಳಗೆ ಮಾತಾಗಬೇಕಿದ್ದದ್ದು ಬೀದಿಗೆ ಬಂತು, 2022ರ ಮಾರ್ಚ್ 15ರಂದು ಹೈಕೋರ್ಟು ತೀರ್ಪಿತ್ತಿತು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪಿತ್ತರು. ಆ ನಡುವೆ ಹೆಣ್ಣುಮಕ್ಕಳ ಪಾಠದ ದಿನಗಳು ಕಳೆದವು. ರಾಜಕೀಯದವರಿಗೆ ಏನೂ ಕಳೆಯಲಿಲ್ಲ.

ದೂರನ್ನು ವಿದ್ಯಾರ್ಥಿಯೇ ಬರೆಯಲಿ. ಯಾವ ದಿನ, ಯಾವ ತರಗತಿ, ಯಾವ ಮಾತು, ಯಾರು ಕೇಳಿಸಿಕೊಂಡರು, ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿ ಮನೆಗೆ ತನ್ನಿ. ಮೊಹರು ಇಲ್ಲದಿದ್ದರೆ ದೂರು ಬಂದೇ ಇಲ್ಲವೆನ್ನುವುದು ಬಹಳ ಸುಲಭ. ಅದಕ್ಕೂ ಮೊದಲು ವಾಟ್ಸ್ಆಪ್‌ಗೆ ಹಾಕಬೇಡಿ. ವಾದಿಸುವವನ ಮೇಲೆಯೇ ಪುರಾವೆಯ ಹೊಣೆ ಎಂದು ನಾವು ಫಿಕ್ಹ್‌ನಲ್ಲಿ ಓದಿದ್ದೇವೆ. ಒಬ್ಬ ಅಧ್ಯಾಪಕ ತಪ್ಪಿದರೆ ಅವರ ಹೆಸರನ್ನೇ ಬರೆಯಿರಿ, ಅವರ ಸಮುದಾಯದ ಹೆಸರನ್ನಲ್ಲ. ಸುಳ್ಳು ದೂರಿನ ಮೇಲೆ ಕ್ರಮಕ್ಕೆ ಶಿಫಾರಸು ಮಾಡಲು 2023ರ ನಿಯಮದಲ್ಲೇ ಅವಕಾಶವಿದೆ.

ಇನ್ನೊಂದು ಕಹಿ ಮಾತು. ನಮ್ಮವರು ನಡೆಸುವ ಕಾಲೇಜುಗಳಲ್ಲಿ ದಲಿತ ವಿದ್ಯಾರ್ಥಿಯೊಬ್ಬ ದೂರು ತಂದರೆ ಆಡಳಿತ ಮಂಡಳಿ ಏನು ಮಾಡುತ್ತದೆ? ಸಮಿತಿಯ ಫಲಕ ಗೋಡೆಯ ಮೇಲಿದೆಯೇ? ಇಲ್ಲಿ ಕುಳಿತಿರುವ ಟ್ರಸ್ಟಿಗಳು ಸೋಮವಾರ ಹೋಗಿ ನೋಡಲಿ.

ಅರ್ಜಿಯ ಮಾದರಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಅದು ಕನ್ನಡದಲ್ಲಿದೆ, ಉರ್ದು ಮಾತ್ರ ಬಲ್ಲ ತಾಯಂದಿರಿಗೆ ಓದಿ ಹೇಳಲು ನಾನು ಮಗ್ರಿಬ್‌ವರೆಗೆ ಇಲ್ಲಿಯೇ ಇರುತ್ತೇನೆ.