ನೀರಿನ ಸಾವು ಮತ್ತು ನಾಲಗೆಯ ಹೊಣೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಅಂಕ, ರ್‍ಯಾಂಕ್, ವಿದ್ಯಾರ್ಥಿವೇತನಗಳ ಬಗ್ಗೆ ಬಲ್ಲವರು ಈಗಾಗಲೇ ಹೇಳಿದ್ದಾರೆ. ಕಲಿತವನು ಒಂದು ಸುದ್ದಿಯನ್ನು ಕೇಳಿದಾಗ ಹೇಗೆ ನಡೆದುಕೊಳ್ಳಬೇಕು ಎಂಬುದೂ ಶಿಕ್ಷಣದ ವಿಷಯವೇ. ಅದಕ್ಕಾಗಿ ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ನಡೆಯುವ, ಪ್ರತಿ ಬಾರಿಯೂ ಗುಲ್ಲೆಬ್ಬಿಸುವ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. ಅದು ನೀರಿನಲ್ಲಿ ಮುಳುಗಿ ಸಾಯುವುದು.

ನಮ್ಮದು ನೀರಿನ ನಾಡು. ಪಡುವಣಕ್ಕೆ ಮಲ್ಪೆ, ಕಾಪುವಿನ ಕಡಲು. ನಡುವೆ ಸ್ವರ್ಣೆ, ಸೀತೆಯಂತಹ ಹೊಳೆಗಳು. ಕಾರ್ಕಳಕ್ಕೆ ಹೋದರೆ ಆನೆಕೆರೆ, ರಾಮಸಮುದ್ರ. ಮನೆ ಮನೆಗೊಂದು ಬಾವಿ, ತೋಟಕ್ಕೊಂದು ಕೆರೆ. ಕಲ್ಲು ತೆಗೆದು ಹಾಗೆಯೇ ಬಿಟ್ಟ ಗುಂಡಿಗಳು ಮಳೆಗಾಲದಲ್ಲಿ ತುಂಬಿ ಕೆರೆಗಳಂತೆ ಕಾಣುತ್ತವೆ. ಈಗೀಗ ಹೋಮ್‌ಸ್ಟೇ, ರೆಸಾರ್ಟ್‌ಗಳ ಹಿತ್ತಿಲಿನಲ್ಲಿ ಈಜುಕೊಳಗಳೂ ಬಂದಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅಪಘಾತದಿಂದಾಗುವ ಇಂತಹ ಸಾವು ಅಪರೂಪವೇನಲ್ಲ. ಆದರೂ ಒಂದು ಶವ ನೀರಿನಿಂದ ಮೇಲೆ ಬಂದ ಕೂಡಲೇ ದಡದಲ್ಲಿ ನಿಂತವರ ಬಾಯಿಂದ ಮೊದಲು ಬರುವ ಮಾತು, "ಇದರಲ್ಲಿ ಏನೋ ಇದೆ" ಎಂಬುದು.

ಹಾಗನಿಸುವುದಕ್ಕೆ ಕಾರಣವೂ ಇದೆ. ರಸ್ತೆ ಅಪಘಾತವನ್ನು ನಾಲ್ಕು ಜನ ನೋಡಿರುತ್ತಾರೆ. ನೀರಿನ ಸಾವನ್ನು ಹೆಚ್ಚಿನ ಸಲ ಯಾರೂ ನೋಡಿರುವುದಿಲ್ಲ. ಮುಳುಗುವವನು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದಿಲ್ಲ. ಉಸಿರಿಗೇ ಸಮಯ ಸಾಲದಿರುವಾಗ ಕೂಗುವುದು ಹೇಗೆ? ಒಂದು ನಿಮಿಷದೊಳಗೆ ಸದ್ದಿಲ್ಲದೆ ಎಲ್ಲವೂ ಮುಗಿಯಬಹುದು. ಹೀಗಾಗಿ ಪ್ರಶ್ನೆ ಉಳಿಯುತ್ತದೆ, ಉತ್ತರ ತಡವಾಗುತ್ತದೆ. ಆ ನಡುವಿನ ಖಾಲಿ ಜಾಗದಲ್ಲಿ ಗಾಳಿಸುದ್ದಿ ಮನೆ ಮಾಡುತ್ತದೆ.

ನಮ್ಮ ಪಕ್ಕದ ಜಿಲ್ಲೆಯಲ್ಲಿ ನಡೆದ ಒಂದು ಪ್ರಕರಣವನ್ನು ನೀವೆಲ್ಲ ಬಲ್ಲಿರಿ. 2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಎರಡು ಕೋಮುಗಳ ನಡುವೆ ಗಲಾಟೆಯಾಯಿತು. ಅಂದು ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಕಾಣೆಯಾದ. ಡಿಸೆಂಬರ್ 8ರಂದು ಊರಿನ ಶೆಟ್ಟಿಕೆರೆಯಲ್ಲಿ ಅವನ ಶವ ದೊರೆಯಿತು. ಆ ಹುಡುಗನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಆ ಹೆಸರನ್ನು ಬೇಕಾದವರು ಬೇಕಾದಂತೆ ಬಳಸಿಯಾಗಿದೆ. ಆ ಮನೆಯವರಿಗೆ ಅದು ಕಳೆದುಹೋದ ಮಗನ ಹೆಸರು.

ಶವದ ಮುಖ ಕಪ್ಪಾಗಿತ್ತು, ದೇಹ ಊದಿತ್ತು. ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕುದಿಯುವ ಎಣ್ಣೆ ಸುರಿದಿದ್ದಾರೆ, ತಲೆ ಸೀಳಿದ್ದಾರೆ, ಅಂಗ ಕತ್ತರಿಸಿದ್ದಾರೆ, ತೋಳಿನ ಹಚ್ಚೆಯನ್ನು ಕೆತ್ತಿ ತೆಗೆದಿದ್ದಾರೆ ಎಂಬ ಮಾತುಗಳು ಹಬ್ಬಿದವು. ಜವಾಬ್ದಾರಿಯ ಸ್ಥಾನದಲ್ಲಿದ್ದವರೂ ಅದನ್ನೇ ಹೇಳಿದರು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿಧಿವಿಜ್ಞಾನ ವೈದ್ಯರು ಪೊಲೀಸರ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದುಕೊಟ್ಟರು. ಆಯುಧದ ಗಾಯವಿಲ್ಲ, ಎಣ್ಣೆ ಅಥವಾ ಆಸಿಡ್‌ನಿಂದ ಸುಟ್ಟ ಗುರುತಿಲ್ಲ, ಅಂಗ ಕತ್ತರಿಸಿಲ್ಲ, ಹಚ್ಚೆ ಹಾಗೆಯೇ ಇದೆ. ಅದನ್ನು ಪೊಲೀಸರು ಆ ದಿನಗಳಲ್ಲೇ ಪ್ರಕಟಿಸಿದರು. ಆದರೆ ಕೇಳುವ ಮನಸ್ಸು ಯಾರಿಗಿತ್ತು? ಕುಮಟಾದಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ವಾಹನಕ್ಕೆ ಬೆಂಕಿ ಬಿತ್ತು. ಶಿರಸಿಯಲ್ಲಿಯೂ ಹಿಂಸೆ ನಡೆಯಿತು. ಮುಂದೆ ತನಿಖೆ ಸಿಬಿಐ ಕೈಗೆ ಹೋಯಿತು. 2022ರ ಅಕ್ಟೋಬರಿನಲ್ಲಿ ಸಿಬಿಐ ಹೊನ್ನಾವರದ ನ್ಯಾಯಾಲಯಕ್ಕೆ ವರದಿ ಸಲ್ಲಿಸಿ, ಇದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂದು ಹೇಳಿತು. ಗಾಳಿಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ತನಿಖೆಯ ಉತ್ತರ ಬರಲು ಸುಮಾರು ಐದು ವರ್ಷ ಬೇಕಾಯಿತು.

ಇಲ್ಲಿ ವಿದ್ಯಾರ್ಥಿಗಳು ತಿಳಿಯಬೇಕಾದ ಕೆಲವು ವಿಷಯಗಳಿವೆ. ಮುಖ ಕಪ್ಪಾಗುವುದೇಕೆ? ನೀರಿನಲ್ಲಿ ಶವ ಸಾಮಾನ್ಯವಾಗಿ ಮುಖ ಕೆಳಗಾಗಿ, ತಲೆ ಇಳಿಬಿಟ್ಟು ತೇಲುತ್ತದೆ. ರಕ್ತ ತಲೆಯ ಕಡೆಗೆ ಇಳಿದು ನಿಲ್ಲುತ್ತದೆ. ಆದ್ದರಿಂದ ಕೊಳೆಯುವಿಕೆ ಮುಖದಲ್ಲಿ ಬೇಗ ಕಾಣಿಸುತ್ತದೆ. ಮುಖ ಊದಿ ಕಪ್ಪಾಗುತ್ತದೆ, ಕಣ್ಣು, ನಾಲಗೆ ಹೊರಚಾಚುತ್ತವೆ. ನಮ್ಮಂತಹ ಸೆಕೆಯ ಊರಿನಲ್ಲಿ ಒಂದೆರಡು ದಿನಗಳಲ್ಲೇ ಹೀಗಾಗಬಹುದು. ಎಣ್ಣೆ ಸುರಿದ ಹಾಗೆ ಕಂಡದ್ದು ಇದೇ. ಕೈಕಾಲಿನ ಚರ್ಮ ಕೈಗವಸಿನಂತೆ ಸುಲಿದು ಬರುತ್ತದೆ. ಮೀನು, ಏಡಿಗಳು ತುಟಿ, ಕಿವಿ, ಕಣ್ಣಿನ ರೆಪ್ಪೆಗಳನ್ನು ತಿನ್ನುತ್ತವೆ. ಅದನ್ನು ನೋಡಿದ ಸಾಮಾನ್ಯನಿಗೆ ಕತ್ತರಿಸಿದಂತೆ ಕಾಣುವುದು ಸಹಜ. ಮೊದಲು ಮುಳುಗಿದ ದೇಹ ಎರಡು ದಿನದ ಮೇಲೆ ತೇಲುವುದು ಯಾರೋ ತಂದು ಎಸೆದದ್ದರಿಂದಲೇ ಎನ್ನಲಾಗದು. ಒಳಗೆ ಅನಿಲ ತುಂಬಿದಾಗ ದೇಹ ತಾನಾಗಿ ಮೇಲೆ ಬರುತ್ತದೆ.

ಹಾಗಾದರೆ ವೈದ್ಯರು ಹೇಗೆ ತೀರ್ಮಾನಿಸುತ್ತಾರೆ? ಮೂಗು, ಬಾಯಿ, ಶ್ವಾಸನಾಳದಲ್ಲಿ ಸಣ್ಣ ಗುಳ್ಳೆಗಳ ಬಿಳಿ ನೊರೆ ಇದೆಯೇ, ಶ್ವಾಸಕೋಶ ಉಬ್ಬಿ ಭಾರವಾಗಿದೆಯೇ, ಕೆಸರು, ಮರಳು ಒಳಗೆ ಹೋಗಿದೆಯೇ, ಹಿಡಿದು ಅದುಮಿದ ಗುರುತುಗಳಿವೆಯೇ ಎಂದು ನೋಡುತ್ತಾರೆ. ಡಯಾಟಂ ಎಂಬ, ಕಣ್ಣಿಗೆ ಕಾಣದ ಪಾಚಿಜೀವಿಗಳಿವೆ. ಅವುಗಳ ಹೊರಕವಚ ಗಾಜಿನಂತಹ ಸಿಲಿಕಾದ್ದು. ಜೀವವಿದ್ದಾಗ ನೀರು ಎಳೆದುಕೊಂಡವನ ರಕ್ತದ ಮೂಲಕ ಅವು ಮೂಳೆಯ ಮಜ್ಜೆಯವರೆಗೂ ಹೋಗಬಲ್ಲವು. ಅಲ್ಲಿ ದೊರೆತದ್ದನ್ನು ಆ ಕೆರೆಯ ನೀರಿನೊಂದಿಗೆ ಹೋಲಿಸಿ ನೋಡುತ್ತಾರೆ. ಇದೊಂದರಿಂದಲೇ ತೀರ್ಪು ಕೊಡುವುದಿಲ್ಲ. ಎಲ್ಲವನ್ನೂ ಸೇರಿಸಿ ತೂಗುತ್ತಾರೆ. ಆ ತೂಗುವ ಕೆಲಸ ಫೋಟೋ ನೋಡಿ ಆಗುವುದಲ್ಲ.

"ಈಜು ಬರುತ್ತಿದ್ದವನು ಮುಳುಗಿದ್ದು ಹೇಗೆ? ಮೂವರೂ ಒಟ್ಟಿಗೆ ಸತ್ತದ್ದು ಹೇಗೆ?" ಇವು ಯಾವಾಗಲೂ ಕೇಳಿಬರುವ ಎರಡು ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಸುಲಭ. ಸ್ನಾಯು ಸೆಳೆತ, ದಣಿವು, ಸುಳಿ, ಕಲ್ಲಿಗೆ ತಲೆ ಬಡಿಯುವುದು, ಇವು ಒಳ್ಳೆಯ ಈಜುಗಾರನನ್ನೂ ಬಿಡುವುದಿಲ್ಲ. ಎರಡನೆಯದಕ್ಕೆ 2024ರ ನವೆಂಬರ್ 17ರಂದು ಉತ್ತರ ಸಿಕ್ಕಿತು. ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ತೀರಿಕೊಂಡರು. ಅದು ನಮ್ಮ ಕಾಪು ಬಳಿಯ ಉಚ್ಚಿಲವಲ್ಲ, ಉಳ್ಳಾಲದ ಸೋಮೇಶ್ವರ ಉಚ್ಚಿಲ. ಊರಿನ ಹೆಸರು ಒಂದೇ ಆದರೂ ಸುದ್ದಿ ಬೇರೆ ಕಡೆಗೆ ತಿರುಗುತ್ತದೆ. ಅಲ್ಲಿ ಸಿಸಿ ಕ್ಯಾಮೆರಾ ಇಲ್ಲದಿದ್ದರೆ ಎಷ್ಟು ಕತೆಗಳು ಹುಟ್ಟುತ್ತಿದ್ದವೋ! ಒಬ್ಬಳು ಆಳದ ಕಡೆ ಸಿಲುಕಿದಳು, ಅವಳನ್ನು ಹಿಡಿಯಲು ಇನ್ನೊಬ್ಬಳು, ಅವರಿಬ್ಬರಿಗಾಗಿ ಮತ್ತೊಬ್ಬಳು ಹೋದಳು. ಕ್ಯಾಮೆರಾದಲ್ಲಿ ಕಂಡದ್ದು ಇಷ್ಟೇ. ಕಾವಲಿಗೆ ಜೀವರಕ್ಷಕರಿರಲಿಲ್ಲ. ಪೊಲೀಸರು ಮಾಲೀಕರನ್ನೂ ವ್ಯವಸ್ಥಾಪಕರನ್ನೂ ಬಂಧಿಸಿದರು. ಕೊಲೆಯಲ್ಲ ಎಂದರೆ ಯಾರದೂ ತಪ್ಪಿಲ್ಲ ಎಂದು ಅರ್ಥವಲ್ಲ ಎಂಬುದನ್ನು ಇಲ್ಲಿ ಗಮನಿಸಿ. ಕೊಲೆಗಾರನನ್ನು ಹುಡುಕುವ ಗಡಿಬಿಡಿಯಲ್ಲಿ ನಾವು ಬೇಲಿಯಿಲ್ಲದ ಕೊಳವನ್ನು, ಕಟ್ಟೆಯಿಲ್ಲದ ಬಾವಿಯನ್ನು, ಮುಚ್ಚದ ಕಲ್ಲುಗುಂಡಿಯನ್ನು ಕೇಳುವುದನ್ನೇ ಮರೆಯುತ್ತೇವೆ.

ಹಾಗೆಂದು ಸಂಶಯಪಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನೀರಿನ ಹೆಸರಿನಲ್ಲಿ ಕೊಲೆಗಳು ನಡೆದದ್ದೂ ಉಂಟು. ಇಂಗ್ಲೆಂಡಿನಲ್ಲಿ ಜಾರ್ಜ್ ಜೋಸೆಫ್ ಸ್ಮಿತ್ ಎಂಬವನಿದ್ದ. 1912, 1913, 1914ರಲ್ಲಿ ಬೇರೆ ಬೇರೆ ಊರುಗಳಲ್ಲಿ ಅವನ ಮೂವರು ಪತ್ನಿಯರು ಸ್ನಾನದ ತೊಟ್ಟಿಯಲ್ಲಿ ಸತ್ತರು. ಪ್ರತಿ ಸಲವೂ ಆಕಸ್ಮಿಕ ಎಂದು ಬರೆದು ಮುಗಿಸಿದರು. ಮೂರನೆಯವಳ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಎರಡನೆಯವಳ ತಂದೆಗೆ ತನ್ನ ಮಗಳ ಸಾವಿನ ನೆನಪಾಯಿತು. ಆ ಮುದುಕ ಬೀದಿಯಲ್ಲಿ ಕೂಗಲಿಲ್ಲ. ವಿಷಯವನ್ನು ಪೊಲೀಸರಿಗೆ ತಿಳಿಸಿದ. ಎರಡನೆಯವಳು ಸತ್ತ ವಸತಿಗೃಹದ ಯಜಮಾನನೂ ಎರಡು ಪತ್ರಿಕಾ ತುಣುಕುಗಳನ್ನು ಜೋಡಿಸಿ ಪೊಲೀಸರಿಗೆ ಕಾಗದ ಬರೆದ. ತನಿಖೆ ನಡೆಯಿತು. ತೊಟ್ಟಿಗಳನ್ನು ತಂದು ಅಳೆದರು, ಶವಗಳನ್ನು ಮತ್ತೆ ಪರೀಕ್ಷಿಸಿದರು. 1915ರಲ್ಲಿ ಅಪರಾಧ ಸಾಬೀತಾಗಿ ಅವನಿಗೆ ಮರಣದಂಡನೆಯಾಯಿತು.

ಒಂದು ಕಡೆ ಸಂಶಯ ಬೀದಿಗೆ ಹೋಯಿತು, ಊರು ಸುಟ್ಟಿತು. ಇನ್ನೊಂದು ಕಡೆ ಸಂಶಯ ಕಾಗದದ ಮೇಲೆ ಠಾಣೆಗೆ ಹೋಯಿತು, ಸತ್ಯ ಹೊರಬಂತು. ಸಂಶಯ ಹುಟ್ಟುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಎಲ್ಲಿಗೆ ಒಯ್ಯಬೇಕು ಎಂಬುದು ನಮ್ಮ ಕೈಯಲ್ಲಿದೆ.

ಒಯ್ಯುವ ದಾರಿ ಕಾನೂನಿನಲ್ಲಿದೆ. ಅಸಹಜ ಸಾವಿನ ಸುದ್ದಿ ತಿಳಿದ ಕೂಡಲೇ ಠಾಣಾಧಿಕಾರಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಿ, ಸ್ಥಳಕ್ಕೆ ಬಂದು, ಆ ಪರಿಸರದ ಕನಿಷ್ಠ ಇಬ್ಬರು ಗೌರವಸ್ಥರ ಎದುರಿನಲ್ಲಿ ಶವದ ಮೇಲಿನ ಗುರುತುಗಳನ್ನು ಬರೆದು ವರದಿ ಮಾಡಬೇಕು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂನಲ್ಲಿದೆ. ಜಮಾಅತಿನ ಹಿರಿಯರೇ, ಇಂತಹ ವೇಳೆ ಪಂಚರಾಗಿ ಸಹಿ ಹಾಕಲು ನಿಮ್ಮನ್ನೇ ಕರೆಯುತ್ತಾರೆ. ಓದದೆ ಸಹಿ ಹಾಕಬೇಡಿ. ಕಂಡ ಗಾಯ ಬರೆದಿಲ್ಲವಾದರೆ ಬರೆಯಲು ಹೇಳಿ. ಮನೆಯವರಿಗೆ ಸಂಶಯವಿದ್ದರೆ ಕಾರಣ ಸಹಿತ ಲಿಖಿತ ದೂರು ಕೊಡಿಸಿ, ಸ್ವೀಕೃತಿ ಪಡೆಯಿರಿ. ಶವಪರೀಕ್ಷೆಯ ವರದಿಯ ಪ್ರತಿ ಕೇಳಿ. ತನಿಖೆ ಸರಿಯಿಲ್ಲ ಎನಿಸಿದರೆ ಮೇಲಧಿಕಾರಿ ಇದ್ದಾರೆ, ನ್ಯಾಯಾಲಯ ಇದೆ. ಮಗನನ್ನು ಕಳೆದುಕೊಂಡ ತಂದೆತಾಯಿಗೆ, ಅವರು ಯಾವ ಧರ್ಮದವರೇ ಆಗಲಿ, ಕೊನೆಯವರೆಗೂ ಪ್ರಶ್ನೆ ಕೇಳುವ ಹಕ್ಕಿದೆ. ಅವರ ದುಃಖವನ್ನು ನಾವು ಹಗುರ ಮಾಡಿ ಮಾತನಾಡಬಾರದು. ಅವರ ದುಃಖದಲ್ಲಿ ಬೇಳೆ ಬೇಯಿಸಿಕೊಳ್ಳುವವರಿಗೆ ಮಾತ್ರ ಆ ಹಕ್ಕಿಲ್ಲ.

ನಮ್ಮ ಸಮುದಾಯಕ್ಕೆ ಇನ್ನೂ ಒಂದು ಮಾತು ಹೇಳಬೇಕು. ಕೇಳಲು ಕಷ್ಟವಾಗಬಹುದು. ನಮ್ಮಲ್ಲಿ ಮಯ್ಯಿತನ್ನು ಬೇಗ ದಫನ ಮಾಡುವ ಆತುರವಿದೆ. ಅದು ಸರಿಯೂ ಹೌದು. ಆದರೆ ಆ ಆತುರದಲ್ಲಿ ಬಾವಿಯಿಂದ, ಕೆರೆಯಿಂದ ಮೇಲೆತ್ತಿದ ದೇಹವನ್ನು ಶವಪರೀಕ್ಷೆ ಬೇಡವೆಂದು ಹಟ ಹಿಡಿದು ಮನೆಗೆ ಒಯ್ಯುವುದುಂಟು. ಮುಖ್ಯವಾಗಿ ಮದುವೆಯಾದ ಹೆಣ್ಣುಮಗಳ ಸಾವಿನಲ್ಲಿ "ಮರ್ಯಾದೆ ಹೋಗುತ್ತದೆ" ಎಂಬ ಮಾತು ಬರುತ್ತದೆ. ನಲವತ್ತು ದಿನ ಕಳೆದ ಮೇಲೆ ತವರಿನವರಲ್ಲಿ ಗುಸುಗುಸು ಹುಟ್ಟುತ್ತದೆ. ಆಗ ಉತ್ತರ ಮಣ್ಣಿನಡಿ ಇರುತ್ತದೆ. ದಂಡಾಧಿಕಾರಿಯ ಆದೇಶದಿಂದ ಗೋರಿ ತೆರೆಯುವ ದಾರಿ ಕಾನೂನಿನಲ್ಲಿದ್ದರೂ ಅದು ಎಷ್ಟು ನೋವಿನ ಕೆಲಸ! ಇತ್ತ ಗಂಡ ನಿರಪರಾಧಿಯಾಗಿದ್ದರೂ ಜೀವನವಿಡೀ ಕೊಲೆಗಾರನೆಂಬ ಹಣೆಪಟ್ಟಿ ಹೊತ್ತು ತಿರುಗುತ್ತಾನೆ. ಅಪರಾಧಿಯಾಗಿದ್ದರೆ ತಪ್ಪಿಸಿಕೊಳ್ಳುತ್ತಾನೆ. ಎರಡೂ ಅನ್ಯಾಯವೇ. ಕಾನೂನಿನ ಅಗತ್ಯವಿದ್ದಾಗ ಶವಪರೀಕ್ಷೆಗೆ ಅಡ್ಡಿಯಿಲ್ಲ ಎಂದು ಅನೇಕ ಉಲಮಾಗಳು ಹೇಳಿದ್ದಾರೆ. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಶವಪರೀಕ್ಷೆ ಮಾಡಬಹುದೆಂದು ಕೇಂದ್ರ ಸರಕಾರ 2021ರ ನವೆಂಬರಿನಲ್ಲಿ ತಿಳಿಸಿದೆ. ಕೊಲೆ, ಆತ್ಮಹತ್ಯೆಯ ಸಂಶಯವಿರುವ ಮತ್ತು ಕೊಳೆತ ಶವಗಳಿಗೆ ಸಾಮಾನ್ಯವಾಗಿ ಇದು ಅನ್ವಯಿಸುವುದಿಲ್ಲ. ಅಂತಹ ವೇಳೆ ಒಂದು ರಾತ್ರಿ ಕಾಯುವುದರಿಂದ ಮುಂದಿನ ಎಷ್ಟೋ ವರ್ಷಗಳ ಕಿಚ್ಚು ತಪ್ಪುತ್ತದೆ.

ನೀರಿನಲ್ಲಿ ಮುಳುಗಿ ತೀರಿಕೊಂಡವರಿಗೆ ಹುತಾತ್ಮರ ಸ್ಥಾನವಿದೆ ಎಂದು ಹದೀಸಿನಿಂದ ತಿಳಿಯುತ್ತೇವೆ. ಸುದ್ದಿ ಬಂದಾಗ ಪರಿಶೀಲಿಸಬೇಕು, ಅತಿಯಾದ ಸಂಶಯದಿಂದ ದೂರವಿರಬೇಕು ಎಂಬ ಎರಡು ಆದೇಶಗಳೂ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿವೆ. ಹೊನ್ನಾವರದ ವಿಷಯದಲ್ಲಿ ಗಾಳಿಸುದ್ದಿಯ ಪೆಟ್ಟು ತಿಂದವರು ನಾವು ಎಂದು ಹೇಳಿಕೊಳ್ಳುವುದು ಸುಲಭ. ನಾಳೆ ನಮ್ಮ ಹುಡುಗನೊಬ್ಬನ ಶವ ಹೊಳೆಯಲ್ಲಿ ತೇಲಿದಾಗ, ನಮ್ಮ ಮೊಬೈಲಿಗೂ "ಇವರೇ ಮಾಡಿದ್ದು" ಎಂಬ ಸಂದೇಶ ಬಂದಾಗ, ನಮ್ಮ ಬೆರಳು ತಡೆಯುತ್ತದೆಯೇ? ನಮ್ಮ ಪರೀಕ್ಷೆ ಇರುವುದು ಅಲ್ಲಿ.

ವಿದ್ಯಾರ್ಥಿಗಳೇ, ಶವದ ಚಿತ್ರ ಬಂದರೆ ಅಳಿಸಿ, ಮುಂದೆ ಕಳುಹಿಸಬೇಡಿ. ಕಣ್ಣಾರೆ ಏನಾದರೂ ಕಂಡಿದ್ದರೆ ಗುಂಪಿನಲ್ಲಿ ಹೇಳದೆ ಠಾಣೆಯಲ್ಲಿ ಹೇಳಿ. ಈಜು ಕಲಿಯಿರಿ, ಹೆಣ್ಣುಮಕ್ಕಳೂ ಕಲಿಯಲಿ. ಮುಳುಗುವವನತ್ತ ಜಿಗಿಯುವ ಮೊದಲು ಹಗ್ಗ, ಕೋಲು, ಸೀರೆ, ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಸಂಘದ ಸದಸ್ಯರಿಗೆ ನನ್ನ ವಿನಂತಿ ಇಷ್ಟೇ: ಈ ಬೇಸಗೆಯಲ್ಲಿ ನಿಮ್ಮ ನಿಮ್ಮ ಮೊಹಲ್ಲಾದಲ್ಲಿ ಕಟ್ಟೆಯಿಲ್ಲದ ಬಾವಿ ಎಷ್ಟಿವೆ, ಬೇಲಿಯಿಲ್ಲದ ಕಲ್ಲುಗುಂಡಿ ಎಷ್ಟಿವೆ ಎಂದು ಪಟ್ಟಿ ಮಾಡಿ ಪಂಚಾಯತಿಗೆ, ನಗರಸಭೆಗೆ ಕೊಡಿ. ಯಾವ ಧರ್ಮದವರ ಬಾವಿ ಎಂದು ನೋಡಬೇಡಿ. ಬೀಳುವ ಮಗುವನ್ನು ನೀರು ಅದನ್ನು ಕೇಳುವುದಿಲ್ಲ.

 ಅಲ್ಲಾಹನು ನಮ್ಮ ಮಕ್ಕಳನ್ನು ನೀರಿನ ಅಪಾಯದಿಂದಲೂ, ನಮ್ಮ ನಾಲಗೆಯನ್ನು ಸುಳ್ಳಿನ ಅಪಾಯದಿಂದಲೂ ಕಾಪಾಡಲಿ. ವಸ್ಸಲಾಮ್.