ಜಿಲೇಬಿ ಮೀನಿನ ಗಂಡು ಗುಟ್ಟು

ಮೊನ್ನೆ ನಮ್ಮ ನ್ಯೂಸ್ ರೂಮಿಗೆ ಒಂದು ವಾಟ್ಸ್ಆ್ಯಪ್ ವಿಡಿಯೋ ಬಂತು. 'ಈ ಮೀನು ತಿಂದರೆ ಗಂಡಸರ ಕಥೆ ಮುಗೀತು' ಅಂತ ತಲೆಬರಹ. ನಮ್ಮ ಹುಡುಗರು ಕೆಂಪು ಅಕ್ಷರದಲ್ಲಿ ಬ್ರೇಕಿಂಗ್ ಪಟ್ಟಿಯನ್ನೂ ರೆಡಿ ಮಾಡಿಬಿಟ್ಟಿದ್ದರು. ನಿಜ ಹೇಳ್ತೀನಿ, ನನಗೂ ಆಸೆ ಆಯ್ತು. ಟಿಆರ್‌ಪಿ ಯಾರಿಗೆ ಬೇಡ ಹೇಳಿ? ಆದರೆ ವಿಷಯ ಓದಿ ನೋಡಿದ ಮೇಲೆ ಪಟ್ಟಿ ತೆಗೆಸಿದೆ.

ಮೀನು ಯಾವುದು? ತಿಲಾಪಿಯಾ. ನಮ್ಮ ಮಾರ್ಕೆಟ್‌ನಲ್ಲಿ ಜಿಲೇಬಿ ಅಂತಾರಲ್ಲ, ಅದೇ. ಮೂಲ ಆಫ್ರಿಕಾ. ಇದರ ಒಂದು ಜಾತಿಯನ್ನು 1952ರಲ್ಲಿ ಭಾರತಕ್ಕೆ ತಂದರು. ತಂದದ್ದೇ ತಡ, ಕೆರೆ ತುಂಬ ಅದರದ್ದೇ ಸಂಸಾರ. 1959ರಲ್ಲಿ ನಿಷೇಧ ಬಂತು. ಕೆರೆಯಲ್ಲಿರೋ ಮೀನಿಗೆ ಆದೇಶ ಓದೋಕೆ ಬರುತ್ತಾ ಸ್ವಾಮಿ? ಅದು ಹರಡುತ್ತಲೇ ಹೋಯಿತು. ಈಗ ಷರತ್ತಿನ ಮೇಲೆ ಸಾಕೋದಕ್ಕೆ ಅನುಮತಿ ಇದೆ.

ರೈತನ ಕಷ್ಟ ಇರೋದು ಇಲ್ಲೇ. ಈ ಮೀನು ಎರಡು-ಮೂರು ತಿಂಗಳಿಗೇ ಮೊಟ್ಟೆ ಇಡುತ್ತೆ. ಹೆಣ್ಣು ಆ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ. ಆ ದಿನಗಳಲ್ಲಿ ಅದಕ್ಕೆ ಸರಿಯಾಗಿ ಊಟ ಇಲ್ಲ, ಬೆಳವಣಿಗೆ ಇಲ್ಲ. ಕೊಳದ ತುಂಬ ಮರಿ, ತೂಕ ಮಾತ್ರ ಸೊನ್ನೆ. ಗಂಡು ಬೇಗ ದಪ್ಪ ಆಗುತ್ತೆ. ಹಾಗಾದ್ರೆ ಎಲ್ಲವನ್ನೂ ಗಂಡು ಮಾಡಿಬಿಟ್ಟರೆ?

ಮಾಡ್ತಾರೆ. ಮೊಟ್ಟೆಯೊಡೆದ ಮರಿಯಲ್ಲಿ ಗಂಡು-ಹೆಣ್ಣಿನ ಅಂಗ ಇನ್ನೂ ರೂಪುಗೊಂಡಿರೋದಿಲ್ಲ. ಆಗಲೇ ಒಂದು ಕೆಜಿ ಆಹಾರಕ್ಕೆ ಸುಮಾರು 60 ಮಿಲಿಗ್ರಾಂ ಮೀಥೈಲ್ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ, ಬೆರೆಸಿ, ಒಣಗಿಸಿ, 21ರಿಂದ 28 ದಿನ ತಿನ್ನಿಸ್ತಾರೆ. ಹೆಣ್ಣಾಗಬೇಕಿದ್ದ ಮರಿಯೂ ಗಂಡಾಗಿ ಬೆಳೆಯುತ್ತೆ.

ಈಗ ನಿಮ್ಮ ತಟ್ಟೆಗೆ ಬರೋಣ. ಹಾರ್ಮೋನ್ ನಿಲ್ಲಿಸುವಾಗ ಮರಿ ಒಂದು ಗ್ರಾಂ ಕೂಡ ತೂಗೋದಿಲ್ಲ. ಅದು ಮಾರ್ಕೆಟ್ ಗಾತ್ರಕ್ಕೆ ಬರೋದು ತಿಂಗಳುಗಳಾದ ಮೇಲೆ. ಅಷ್ಟರಲ್ಲಿ ಹಾರ್ಮೋನ್ ಮೈಯಿಂದ ಹೋಗಿರುತ್ತೆ. ಸಾರು ತಿಂದವರ ಮೀಸೆಗೇನೂ ಆಗಲ್ಲ, ನೆಮ್ಮದಿಯಾಗಿ ಊಟ ಮಾಡಿ.

ನನ್ನ ಚಿಂತೆ ಬೇರೆ. ಆ ಪುಡಿಯನ್ನು ಕಲಸೋ ಕೈ ಯಾರದ್ದು? ಗರ್ಭಿಣಿಯರು ಮುಟ್ಟಬಾರದ ಔಷಧಿ ಅದು. ಹೊಟ್ಟೆಯಲ್ಲಿರೋ ಹೆಣ್ಣು ಮಗುವಿನ ಬೆಳವಣಿಗೆಯನ್ನೇ ಕೆಡಿಸಬಲ್ಲದು. ಮರಿ ಕೇಂದ್ರದಲ್ಲಿ ದಿನಗೂಲಿಗೆ ಬಂದ ಹೆಣ್ಣುಮಗಳಿಗೆ ಇದನ್ನು ಯಾರಾದರೂ ಹೇಳಿದ್ದಾರಾ? ಗ್ಲೌಸ್, ಮಾಸ್ಕ್ ಕೊಟ್ಟಿದ್ದಾರಾ? ಮರಿ ತಿನ್ನದೆ ಬಿಟ್ಟ ಆಹಾರ ನೀರಿಗೆ, ತಳದ ಕೆಸರಿಗೆ ಸೇರುತ್ತೆ. ಆ ತೊಟ್ಟಿ ನೀರನ್ನು ಯಾವ ಹಳ್ಳಕ್ಕೆ ಬಿಡ್ತಾರೆ?

ಹಾರ್ಮೋನ್ ತಿನ್ನಿಸದೆಯೂ, ತಳಿ ಸಂವರ್ಧನೆಯಿಂದಲೇ ಹೆಚ್ಚುಕಡಿಮೆ ಗಂಡು ಮರಿಗಳನ್ನೇ ಪಡೆಯೋ ದಾರಿ ಇದೆ. ಅದಕ್ಕೆ ಸಮಯ, ದುಡ್ಡು ಎರಡೂ ಬೇಕು. ಅದು ಬರುವ ತನಕ ಒಂದು ಜೊತೆ ಗ್ಲೌಸ್ ಕೊಡಿಸೋದು ಅಷ್ಟು ಕಷ್ಟವಾ?

ಆ ವಿಡಿಯೋ ನಿಮಗೂ ಬಂದಿರುತ್ತೆ. ಫಾರ್ವರ್ಡ್ ಮಾಡೋ ಮುಂಚೆ ಆ ಕಲಸೋ ಕೈಯನ್ನು ಒಂದು ಸಲ ನೆನಪಿಸಿಕೊಳ್ಳಿ.